ಮೇಜಿನಿಂದ ಗೋಡೆಗೆ ಒಂದೇ ವೈರ್ ಹೋಗಲಿ

ಪ್ರಶ್ನೆ: ನಮ್ಮದು ಶಿವಮೊಗ್ಗದಲ್ಲಿ ಬಾಡಿಗೆ ಮನೆ. ನಾನು, ನಮ್ಮ ಯಜಮಾನರು ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತೇವೆ. ಐದಡಿ ಉದ್ದದ ಒಂದೇ ಮೇಜು. ಅದರ ಮೇಲೆ ಎರಡು ಲ್ಯಾಪ್‌ಟಾಪ್, ಒಂದು ಮಾನಿಟರ್, ಪ್ರಿಂಟರ್, ವೈಫೈ ರೌಟರ್, ರೌಟರಿಗೆ ಒಂದು ಪುಟ್ಟ ಯುಪಿಎಸ್, ಸ್ಪೀಕರ್, ಟೇಬಲ್ ಲ್ಯಾಂಪ್, ಫೋನ್ ಚಾರ್ಜರ್‌ಗಳು. ಕೆಳಗೆ ವೈರ್‌ಗಳ ರಾಶಿ. ನೆಲ ಒರೆಸುವಾಗ ಎರಡು ಸಲ ಎಕ್ಸ್‌ಟೆನ್ಷನ್ ಬೋರ್ಡಿಗೆ ನೀರು ತಾಗಿದೆ. ಎರಡು ವರ್ಷದ ಮಗ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತಾನೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ತಂದು ಬೋರ್ಡು, ಅಡಾಪ್ಟರ್ ಎಲ್ಲ ಅದರೊಳಗೆ ತುರುಕಿದೆ. ಒಂದು ಗಂಟೆಯಲ್ಲಿ ಡಬ್ಬಿ ಬಿಸಿಯಾಯಿತು. ಪ್ಲಗ್ ಪಾಯಿಂಟ್ ಮೇಜಿನಿಂದ ಎಂಟಡಿ ದೂರದಲ್ಲಿದೆ. ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ. ಈ ವೈರ್‌ಗಳೆಲ್ಲ ಕಣ್ಣಿಗೆ ಕಾಣದಂತೆ ಮಾಡುವುದು ಹೇಗೆ?

ಉತ್ತರ: ಮೊದಲು ಆ ಡಬ್ಬಿ ತೆಗೆಯಿರಿ. ಈ ಉತ್ತರ ಪೂರ್ತಿ ಓದುವುದಕ್ಕೂ ಮುಂಚೆ ತೆಗೆದರೆ ಇನ್ನೂ ಒಳ್ಳೆಯದು. ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಡಬ್ಬಿ ಬಿಸಿಯಾಯಿತು ಅನ್ನುವ ಆ ಒಂದು ಮಾತು. ಲ್ಯಾಪ್‌ಟಾಪಿನ ಅಡಾಪ್ಟರ್ 230 ವೋಲ್ಟ್ ಕರೆಂಟನ್ನು ಸುಮಾರು 20 ವೋಲ್ಟಿಗೆ ಇಳಿಸುತ್ತದೆ. ಇಳಿಸುವಾಗ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ಆ ಶಾಖಕ್ಕೆ ಇರುವ ದಾರಿ ಒಂದೇ, ಅಡಾಪ್ಟರಿನ ಹೊರ ಮೈ. ಸುತ್ತ ಗಾಳಿ ಆಡಿದರೆ ಅದು ತಣ್ಣಗಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಎರಡು ಅಡಾಪ್ಟರ್, ಒಂದು ಯುಪಿಎಸ್ ಒಟ್ಟಿಗೆ ಕೂತರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ. ಆ ಪುಟ್ಟ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿ ಇರುತ್ತದೆ. ಅದಕ್ಕೆ ಬಿಸಿ ಒಗ್ಗುವುದಿಲ್ಲ. ಬ್ಯಾಟರಿ ಬೇಗ ಸಾಯುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಈಗಾಗಲೇ ಉಬ್ಬಿದ್ದರೆ ಇವತ್ತೇ ಬದಲಾಯಿಸಿ.

ಇಪ್ಪತ್ತು ವರ್ಷದಿಂದ ಮನೆ, ಆಫೀಸುಗಳಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ವೈರ್ ಮುಚ್ಚಿ ಕೊಡಿ ಅಂತ ಕರೆದವರ ಮನೆಗೆ ಹೋದಾಗಲೆಲ್ಲ ಮೊದಲು ಒಂದು ಮಾತು ಹೇಳುತ್ತೇನೆ. ಮುಚ್ಚುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಎಲ್ಲವನ್ನೂ ನೆಲದಿಂದ ಎತ್ತಬೇಕು. ಎತ್ತಿದ ಮೇಲೆ ಮೇಜಿನಿಂದ ಗೋಡೆಗೆ ಒಂದೇ ವೈರ್ ಹೋಗಬೇಕು. ಇದನ್ನು ಹಿಡಿದುಕೊಂಡರೆ ಮಿಕ್ಕಿದ್ದು ಅರ್ಧ ತಾನೇ ಸರಿಹೋಗುತ್ತದೆ. ನೆಲ ಒರೆಸುವವರಿಗೆ ದಾಟಲು ಒಂದೇ ವೈರ್. ಮಗುವಿನ ಕೈಗೆ ಸಿಗುವುದು ಹೆಚ್ಚೆಂದರೆ ಒಂದು. ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಒಂದು ಪ್ಲಗ್ ಕಿತ್ತರೆ ಇಡೀ ಮೇಜನ್ನು ಎಳೆದು ಪಕ್ಕಕ್ಕಿಡಬಹುದು.

ಒಂದೇ ಬೋರ್ಡಿಗೆ ಇಷ್ಟೆಲ್ಲ ಹಾಕಿದರೆ ಲೋಡ್ ಜಾಸ್ತಿ ಆಗುವುದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕೋಣ. ಲ್ಯಾಪ್‌ಟಾಪ್ ಅಡಾಪ್ಟರ್ ಒಂದಕ್ಕೆ 65 ವ್ಯಾಟ್, ಎರಡಕ್ಕೆ 130. ಇಪ್ಪತ್ನಾಲ್ಕು ಇಂಚಿನ ಮಾನಿಟರ್ ಸುಮಾರು 30. ರೌಟರ್ 12, ಲ್ಯಾಂಪ್ 10, ಫೋನ್ ಚಾರ್ಜರ್ 20, ಸ್ಪೀಕರ್ 10. ಎಲ್ಲ ಸೇರಿ 212 ವ್ಯಾಟ್. ನಮ್ಮ ಮಾಮೂಲಿ ಸಣ್ಣ ಪಿನ್ನಿನ ಪ್ಲಗ್ 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್. ನಿಮ್ಮ ಇಡೀ ಮೇಜು ಅದರಲ್ಲಿ ಆರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ತೊಂದರೆ ಬರುವುದು ಅದೇ ಬೋರ್ಡಿನಲ್ಲಿ ಖಾಲಿ ಇರುವ ತೂತಿಗೆ ಯಾರೋ ನೀರು ಕಾಯಿಸುವ ಕೆಟಲ್ ಹಾಕಿದಾಗ. ಅದೊಂದೇ 1500 ವ್ಯಾಟ್ ಇರುತ್ತದೆ. ಇಸ್ತ್ರಿ ಪೆಟ್ಟಿಗೆಯೂ ಸಾವಿರದ ಆಸುಪಾಸು. ಇವು ಗೋಡೆಯ ಪಾಯಿಂಟಿಗೇ ಹೋಗಬೇಕು, ಅದರಲ್ಲೂ ಕೆಟಲ್ 16 ಆಂಪಿಯರಿನ ದೊಡ್ಡ ಪಾಯಿಂಟಿಗೆ.

ಪ್ರಿಂಟರ್ ಯಾವುದು ಅಂತ ನೀವು ಬರೆದಿಲ್ಲ. ಇಂಕ್‌ಜೆಟ್ ಆದರೆ ಇದೇ ಬೋರ್ಡಿಗೆ ಹಾಕಿ. ಲೇಸರ್ ಆದರೆ ಬೇಡ. ಅದರೊಳಗೆ ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಹೀಟರ್ ಇದೆ. ಅದು ಶುರುವಾದ ಕ್ಷಣ ನೂರಾರು ವ್ಯಾಟ್ ಎಳೆಯುತ್ತದೆ, ಕೆಲವೊಮ್ಮೆ ಲ್ಯಾಂಪ್ ಮಿಣುಕುವುದು ಕಣ್ಣಿಗೇ ಕಾಣುತ್ತದೆ. ಲೇಸರ್ ಪ್ರಿಂಟರನ್ನು ಪ್ಲಗ್ ಪಾಯಿಂಟಿನ ಹತ್ತಿರ ಒಂದು ಸ್ಟೂಲ್ ಮೇಲಿಟ್ಟು ವೈಫೈನಲ್ಲೇ ಪ್ರಿಂಟ್ ಕೊಡಿ. ಮೇಜಿನ ಕೆಳಗೆ ಎರಡು ವೈರ್ ಕಮ್ಮಿಯಾಗುತ್ತವೆ.

ಈಗ ಬೋರ್ಡ್ ಆರಿಸುವುದು. ಎಂಟಡಿ ದೂರ ಅಂತ ಮೂರು ಮೀಟರಿನ ಬೋರ್ಡ್ ತಂದರೆ ಸಾಲುವುದಿಲ್ಲ. ವೈರ್ ಗಾಳಿಯಲ್ಲಿ ನೇರ ಹೋಗುವುದಿಲ್ಲ, ಅಲ್ವಾ? ಮೇಜಿನ ಅಡಿಯಿಂದ ನೆಲಕ್ಕೆ ಎರಡೂವರೆ ಅಡಿ ಇಳಿಯಬೇಕು. ನೆಲದ ಅಂಚಿನಲ್ಲಿ ಎಂಟಡಿ ಹೋಗಬೇಕು. ಆಮೇಲೆ ಸ್ವಿಚ್‌ಬೋರ್ಡಿಗೆ ಏರಬೇಕು. ನಮ್ಮ ಮನೆಗಳಲ್ಲಿ ಅದು ನಾಲ್ಕಡಿ ಎತ್ತರದಲ್ಲಿರುವುದು ಮಾಮೂಲು. ಒಟ್ಟು ಹದಿನಾಲ್ಕೂವರೆ ಅಡಿ, ಅಂದರೆ ಸುಮಾರು ನಾಲ್ಕೂವರೆ ಮೀಟರ್. ಒಂದು ಹಗ್ಗವನ್ನು ಇದೇ ದಾರಿಯಲ್ಲಿ ಹಾಸಿ, ಆ ಹಗ್ಗವನ್ನೇ ಅಂಗಡಿಗೆ ಒಯ್ಯಿರಿ. ಐದು ಮೀಟರಿನ ಬೋರ್ಡ್ ನಿಮಗೆ ಸರಿ. ಬೋರ್ಡಿಗೆ ಬೋರ್ಡ್ ಸೇರಿಸಿ ಉದ್ದ ಮಾಡುವ ಕೆಲಸ ಮಾತ್ರ ಮಾಡಬೇಡಿ. ಆ ಜೋಡಣೆ ನೆಲದ ಮೇಲೆ ಬೀಳುತ್ತದೆ, ನೀರು ತಾಗುವುದು ಅಲ್ಲಿಗೇ, ಪಿನ್ ಸಡಿಲವಾಗಿ ಕಿಡಿ ಹಾರುವುದೂ ಅಲ್ಲೇ.

ಕೊಳ್ಳುವಾಗ ಪ್ಲಗ್ಗಿನ ಮೇಲೆ ಐಎಸ್‌ಐ ಗುರುತು ನೋಡಿ. ಮೂರು ಪಿನ್ ಇರಲೇಬೇಕು. ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ ಇರುತ್ತದೆ. ಅದು ಅರ್ಥಿಂಗ್ ಪಿನ್. ಚುಚ್ಚುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು ಅಂತಲೇ ಹಾಗೆ ಮಾಡಿದ್ದಾರೆ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಅನ್ನುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅಂಥ ಕಡೆ ನಾನು ಮೊದಲು ನೋಡುವುದು ಅರ್ಥಿಂಗನ್ನೇ. ಇನ್ನೊಂದು ವಿಷಯ. ತೂತುಗಳ ನಡುವೆ ಅಂತರ ಇರುವ ಬೋರ್ಡ್ ಆರಿಸಿ. ಒತ್ತೊತ್ತಾಗಿದ್ದರೆ ಒಂದು ದಪ್ಪ ಅಡಾಪ್ಟರ್ ಎರಡು ತೂತು ನುಂಗುತ್ತದೆ. ಬೋರ್ಡಿನ ಹಿಂದೆ ಸ್ಕ್ರೂಗೆ ನೇತುಹಾಕುವ ಕೀಲಿಕಿಂಡಿಯಂಥ ಎರಡು ತೂತು ಇವೆಯಾ ನೋಡಿ. ನಮ್ಮ ಕೆಲಸ ನಿಂತಿರುವುದು ಅದರ ಮೇಲೆ.

ಗೋಡೆ ಓನರ್‌ದು. ಮೇಜು ನಿಮ್ಮದು. ಮೇಜಿನ ಅಡಿಗೆ ಸ್ಕ್ರೂ ಹಾಕಲು ಯಾರ ಅಪ್ಪಣೆಯೂ ಬೇಡ. ಬಾಡಿಗೆ ಮನೆಯವರು ಇದನ್ನು ಮರೆತು ಎಲ್ಲಕ್ಕೂ ಅಂಟು ಟೇಪು ಹಚ್ಚುತ್ತಾರೆ. ನಿಮ್ಮೂರಿನ ಮಳೆಗಾಲದಲ್ಲಿ ಆ ಟೇಪು ನಿಲ್ಲುವುದಿಲ್ಲ. ಜುಲೈ ತಿಂಗಳ ಥಂಡಿಗೆ ಅಂಟು ಸಡಿಲವಾಗಿ, ಅರ್ಧ ರಾತ್ರಿ ಬೋರ್ಡ್ ದಬ್ ಅಂತ ಬೀಳುತ್ತದೆ. ಮೇಜು ಮರದ್ದೋ, ಪ್ಲೈವುಡ್ಡೋ ಆದರೆ ಸ್ಕ್ರೂ ಹಾಕಿ. ಮೇಜಿನ ಹಲಗೆ ಸಾಮಾನ್ಯವಾಗಿ 18 ಮಿಲಿಮೀಟರ್ ದಪ್ಪ ಇರುತ್ತದೆ. ಅದಕ್ಕೆ ಅರ್ಧ ಇಂಚಿನ ಸ್ಕ್ರೂ ಸಾಕು. ಮುಕ್ಕಾಲು ಇಂಚಿನದು ಹಾಕಿದರೆ ತುದಿ ಮೇಲಕ್ಕೆ ಬಂದು ಸನ್‌ಮೈಕಾ ಸೀಳಬಹುದು. ಪಾರ್ಟಿಕಲ್ ಬೋರ್ಡಿನ ಮೇಜಾದರೆ ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಇನ್ನೊಂದು ಸುತ್ತು ಜಾಸ್ತಿ ತಿರುಗಿಸಿದರೆ ಒಳಗಿನ ಪುಡಿ ಕಿತ್ತುಬಂದು ಸ್ಕ್ರೂ ಸುಮ್ನೆ ಸುತ್ತುತ್ತದೆ.

ಎರಡು ಸ್ಕ್ರೂ ಸರಿಯಾದ ಅಂತರಕ್ಕೆ ಕೂರಿಸುವುದು ಎಲ್ಲರಿಗೂ ತಲೆನೋವು. ನಾನು ಮಾಡುವುದು ಹೀಗೆ. ಪೇಂಟರ್‌ಗಳು ಬಳಸುವ ಕಾಗದದ ಟೇಪನ್ನು ಬೋರ್ಡಿನ ಬೆನ್ನಿಗೆ ಉದ್ದಕ್ಕೆ ಅಂಟಿಸುತ್ತೇನೆ. ಎರಡೂ ತೂತಿನ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಆ ಟೇಪನ್ನು ಕಿತ್ತು ಮೇಜಿನ ಅಡಿಗೆ ಅಂಟಿಸಿ, ಗುರುತಿದ್ದಲ್ಲಿ ಸ್ಕ್ರೂ ಬಿಡುತ್ತೇನೆ. ಅಳತೆಪಟ್ಟಿಯೇ ಬೇಡ. ಕೀಲಿಕಿಂಡಿಯ ಕಿರಿದಾದ ಬದಿ ಯಾವ ಕಡೆಗಿದೆ ನೋಡಿಕೊಳ್ಳಿ. ಪ್ಲಗ್ ಕೀಳುವಾಗ ಬೋರ್ಡ್ ಇನ್ನೂ ಬಿಗಿಯಾಗಬೇಕು, ಜಾರಿ ಹೊರಗೆ ಬರಬಾರದು. ಎರಡೂ ತುದಿಗೆ ಒಂದೊಂದು ವೆಲ್ಕ್ರೋ ಪಟ್ಟಿ ಸುತ್ತಿ ಹಲಗೆಗೆ ಸ್ಕ್ರೂ ಮಾಡಿದರೆ ಇನ್ನೂ ಭದ್ರ.

ಬೋರ್ಡ್ ಹಿಂದಿನ ಅಂಚಿಗೆ, ಗೋಡೆಯ ಕಡೆಗೆ ಇರಲಿ. ಮಾಮೂಲಿ ಮೇಜಿನ ಎತ್ತರ ಎರಡೂವರೆ ಅಡಿ. ಎರಡು ವರ್ಷದ ಮಗುವಿನ ಕೈ ಅಲ್ಲಿಗೆ ಸುಲಭವಾಗಿ ಎಟಕುತ್ತದೆ, ಎತ್ತರವೊಂದೇ ಅವನನ್ನು ಕಾಯುವುದಿಲ್ಲ. ಒಳಗೆ ತಾನೇ ಮುಚ್ಚಿಕೊಳ್ಳುವ ಬಾಗಿಲಿರುವ ಬೋರ್ಡ್ ಕೇಳಿ ತನ್ನಿ, ಷಟರ್ ಇರೋದು ಅಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಖಾಲಿ ತೂತಿಗೆ ಪ್ಲಾಸ್ಟಿಕ್ ಬಿರಡೆ ಹಾಕಿ. ನೇತಾಡುವ ವೈರಿನ ಕುಣಿಕೆ ಮಗುವಿಗೆ ಎರಡು ರೀತಿಯಲ್ಲಿ ಅಪಾಯ. ಎಳೆದರೆ ಮಾನಿಟರ್ ತಲೆ ಮೇಲೆ ಬರಬಹುದು. ಕುತ್ತಿಗೆಗೂ ಸಿಕ್ಕಬಹುದು. ಹಾಗಾಗಿ ಮೇಜಿನ ಅಡಿಯಿಂದ ಒಂದು ಗೇಣಿಗಿಂತ ಕೆಳಗೆ ಯಾವ ವೈರೂ ಜೋತಾಡಬಾರದು. ನಿಮ್ಮ ಮನೆಯಲ್ಲಿ ಇದನ್ನು ತುಂಬಾ ಕಟ್ಟುನಿಟ್ಟಾಗಿ ಪಾಲಿಸಿ.

ಬೋರ್ಡಿನ ಪಕ್ಕದಲ್ಲಿ ಒಂದು ಟ್ರೇ ಬೇಕು. ಅಡಾಪ್ಟರ್‌ಗಳು, ಹೆಚ್ಚಾದ ವೈರ್ ಕೂರುವುದು ಅದರಲ್ಲಿ. ಕೇಬಲ್ ಟ್ರೇ ಅಂತಲೇ ತಂತಿಬಲೆಯದು ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿಕೊಂಡು, ಅಡಿಗೆ ಸಾಲಾಗಿ ತೂತು ಕೊರೆಸಿದರೂ ನಡೆಯುತ್ತದೆ. ಅಡುಗೆಮನೆಯ ಕಪಾಟಿಗೆ ಹಾಕುವ ಸ್ಟೀಲ್ ತಂತಿಯ ಬುಟ್ಟಿಯೂ ಒಳ್ಳೆಯದೇ. ಬಲೆ ಇದ್ದರೆ ಗಾಳಿ ಆಡುತ್ತದೆ, ಧೂಳು ಕೆಳಗೆ ಬೀಳುತ್ತದೆ. ಲೋಹದ ಟ್ರೇ ಆದರೆ ಅಂಚು ಬೆರಳಲ್ಲಿ ಸವರಿ ನೋಡಿ. ಚೂಪಾಗಿದ್ದರೆ ವೈರ್ ದಾಟುವ ಜಾಗದಲ್ಲಿ ಹಳೆಯ ಗಾರ್ಡನ್ ಪೈಪಿನ ತುಂಡನ್ನು ಸೀಳಿ ಹೊದಿಸಿ. ಇಲ್ಲದಿದ್ದರೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹರಿಯುತ್ತದೆ.

ಸಾಮಾನು ಸಿದ್ಧವಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಮೂರು ಗಂಟೆ ಬಿಡುವು ಮಾಡಿಕೊಳ್ಳಿ. ಮೊದಲು ಈಗಿರುವ ಸ್ಥಿತಿಯ ಫೋಟೋ ತೆಗೆದುಕೊಳ್ಳಿ, ಯಾವುದು ಎಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ಮೇನ್ ಪ್ಲಗ್ ತೆಗೆದು ಎಲ್ಲವನ್ನೂ ಬಿಚ್ಚಿ, ಚಾಪೆಯ ಮೇಲೆ ಹರಡಿ. ಯಾವುದಕ್ಕೂ ಸೇರದ ಎರಡು ಮೂರು ವೈರ್ ಸಿಕ್ಕೇ ಸಿಗುತ್ತವೆ. ಅವನ್ನು ಚೀಲಕ್ಕೆ ಹಾಕಿ. ಉಳಿದವಕ್ಕೆ ಅದೇ ಕಾಗದದ ಟೇಪಿನ ತುಂಡು ಅಂಟಿಸಿ ಹೆಸರು ಬರೆಯಿರಿ. ಎರಡೂ ತುದಿಗೆ ಬರೆಯಬೇಕು. ಒಂದೇ ತುದಿಗೆ ಬರೆದರೆ ಬೋರ್ಡಿನ ಹತ್ತಿರ ಬಗ್ಗಿದಾಗ ಎಲ್ಲ ಕಪ್ಪು ವೈರೂ ಒಂದೇ ಥರ ಕಾಣುತ್ತವೆ. ಮಾನಿಟರ್ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇದ್ದು ಎಚ್‌ಡಿಎಂಐ ವೈರ್ ಎರಡು ಮೀಟರ್ ಇದ್ದರೆ, ಒಂದು ಮೀಟರಿನದು ಕೊಳ್ಳಿ. ಉದ್ದದ ವೈರನ್ನು ಸುತ್ತಿ ಬಚ್ಚಿಡುವುದಕ್ಕಿಂತ ಇದು ಸುಲಭ.

ಕಟ್ಟುವ ವಿಷಯಕ್ಕೆ ಬರೋಣ. ಕಚಕಚ ಅಂತ ಎಳೆದು ಬಿಗಿಯುವ ಪ್ಲಾಸ್ಟಿಕ್ ಕೇಬಲ್ ಟೈ ಎಲ್ಲರ ಕೈಗೂ ಮೊದಲು ಸಿಗುವುದು. 1958ರಲ್ಲಿ ಅಮೆರಿಕದ ಥಾಮಸ್ ಆ್ಯಂಡ್ ಬೆಟ್ಸ್ ಕಂಪನಿ ಅದನ್ನು ವಿಮಾನದೊಳಗಿನ ವೈರ್ ಕಂತೆ ಕಟ್ಟಲೆಂದು ತಂದಿತು. ವಿಮಾನದ ವೈರನ್ನು ಒಮ್ಮೆ ಕಟ್ಟಿದರೆ ದಿನಾ ಬಿಚ್ಚುವುದಿಲ್ಲ. ಮನೆಯ ಮೇಜು ಹಾಗಲ್ಲ. ಇವತ್ತು ಹೊಸ ಫೋನು, ನಾಳೆ ಆಫೀಸಿನವರು ಕೊಟ್ಟ ಬೇರೆ ಲ್ಯಾಪ್‌ಟಾಪ್. ಪ್ರತಿ ಸಲವೂ ಟೈ ಕತ್ತರಿಸಬೇಕು. ನಾನು ಕೆಲಸ ಕಲಿತ ಹೊಸದರಲ್ಲಿ ಒಂದು ಆಫೀಸಿನಲ್ಲಿ ಹೀಗೇ ಟೈ ಕತ್ತರಿಸಲು ಹೋಗಿ, ಅದರ ಜೊತೆಗೆ ಒಂದು ನೆಟ್‌ವರ್ಕ್ ವೈರಿನ ಸಿಪ್ಪೆಯನ್ನೂ ಸೀಳಿಬಿಟ್ಟೆ. ಹೊರಗಿನಿಂದ ಏನೂ ಕಾಣಲಿಲ್ಲ. ಅವರ ಇಂಟರ್ನೆಟ್ ಬಿಟ್ಟು ಬಿಟ್ಟು ಬರುತ್ತಿತ್ತು. ಎಲ್ಲಿ ತಪ್ಪಿದೆ ಅಂತ ಹುಡುಕುವುದಕ್ಕೇ ಒಂದು ದಿನ ಹೋಯಿತು. ಅವತ್ತಿನಿಂದ ಬಿಚ್ಚಿ ಕಟ್ಟುವ ಜಾಗದಲ್ಲಿ ನಾನು ಪ್ಲಾಸ್ಟಿಕ್ ಟೈ ಹಾಕುವುದಿಲ್ಲ. ವೆಲ್ಕ್ರೋ ಮಾತ್ರ.

ಉತ್ತರಾಣಿ ಗಿಡದ ಪಕ್ಕ ಹಾದುಹೋದರೆ ಸೀರೆಯ ಅಂಚಿಗೆ ಅದರ ಕಾಯಿ ಕಚ್ಚಿಕೊಳ್ಳುತ್ತದಲ್ಲ, ವೆಲ್ಕ್ರೋ ಹುಟ್ಟಿದ್ದೂ ಅಂಥದ್ದೇ ಒಂದು ಗಿಡದಿಂದ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಲ್ ಎಂಬ ಎಂಜಿನಿಯರ್ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಯ ಕೊಕ್ಕೆಗಳನ್ನು ನೋಡಿ ಇದನ್ನು ಮಾಡಿದರು. 1955ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ವೈರ್ ಕಟ್ಟಲೆಂದೇ ಇರುವ ವೆಲ್ಕ್ರೋ ಸುರುಳಿ ಸಿಗದಿದ್ದರೆ ಟೈಲರ್ ಸಾಮಾನಿನ ಅಂಗಡಿಗೆ ಹೋಗಿ. ಕೊಕ್ಕೆಯ ಪಟ್ಟಿ, ನಯದ ಪಟ್ಟಿ ಎರಡನ್ನೂ ಒಂದೊಂದು ಮೀಟರ್ ತಂದು, ಬೆನ್ನಿಗೆ ಬೆನ್ನು ಸೇರಿಸಿ ಹೊಲಿಸಿ. ಒಂದೊಂದು ಗೇಣಿಗೆ ಕತ್ತರಿಸಿದರೆ ಮೀಟರಿಗೆ ನಾಲ್ಕು ತುಂಡು ಸಿಗುತ್ತವೆ, ಸಾಲದಿದ್ದರೆ ಇನ್ನಷ್ಟು ತನ್ನಿ.

ಬಿಗಿ ಎಷ್ಟಿರಬೇಕು? ಕಟ್ಟಿದ ಮೇಲೂ ಒಂದು ವೈರನ್ನು ಎಳೆದರೆ ಕಂತೆಯೊಳಗೆ ಜಾರಬೇಕು. ಅಷ್ಟೇ ಬಿಗಿ. ಉಪಕರಣದ ಹತ್ತಿರ ಒಂದು ಗೇಣು ಸಡಿಲ ಬಿಡಿ, ಮಾನಿಟರ್ ತಿರುಗಿಸುವಾಗ ಪಿನ್ ಮೇಲೆ ಜಗ್ಗು ಬೀಳಬಾರದು. ವೈರ್ ಸಾಯುವುದು ಮಧ್ಯದಲ್ಲಲ್ಲ, ಕುತ್ತಿಗೆಯಲ್ಲಿ, ಅಂದರೆ ಪಿನ್ನಿಗೆ ಸೇರುವ ಜಾಗದಲ್ಲಿ. ಲ್ಯಾಪ್‌ಟಾಪಿನ ವೈರನ್ನು ಅಡಾಪ್ಟರಿನ ಸುತ್ತ ಬಿಗಿಯಾಗಿ ಸುತ್ತುವ ಅಭ್ಯಾಸ ಇದ್ದರೆ ಬಿಡಿ. ಅಂಗೈ ಅಗಲದ ದೊಡ್ಡ ಸುರುಳಿ ಮಾಡಿ ಟ್ರೇಯಲ್ಲಿ ಮಲಗಿಸಿ.

ರೌಟರಿಗೆ ಬರುವ ಫೈಬರ್ ವೈರನ್ನು ಈ ಕಂತೆಗೆ ಸೇರಿಸಲೇಬೇಡಿ. ಅದರೊಳಗೆ ಇರುವುದು ಕೂದಲೆಳೆಯಷ್ಟು ತೆಳುವಾದ ಗಾಜು. ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ, ನೆಟ್ ನಿಧಾನವಾಗುತ್ತದೆ ಇಲ್ಲವೇ ನಿಂತೇಹೋಗುತ್ತದೆ. ಟೀ ಲೋಟದ ಬಾಯಿಯಷ್ಟು ದೊಡ್ಡ ಬಳುಕು ಕೊಟ್ಟು ಅದನ್ನು ಬೇರೆಯಾಗಿ ಒಯ್ಯಿರಿ. ರೌಟರನ್ನೂ ಮೇಜಿನ ಕೆಳಗೆ ಬಚ್ಚಿಡಬೇಡಿ. ಲೋಹದ ಟ್ರೇ, ಮೇಜಿನ ಸ್ಟೀಲ್ ಕಾಲು ವೈಫೈಯನ್ನು ತಡೆಯುತ್ತವೆ. ಬೆಚ್ಚಗಿನ ಮೂಲೆ ಅಂತ ಜಿರಳೆಯೂ ಸೇರಿಕೊಳ್ಳುತ್ತದೆ. ರೌಟರ್, ಅದರ ಯುಪಿಎಸ್ ಎರಡೂ ಮೇಲೆ, ಕಣ್ಣಿಗೆ ಕಾಣುವಂತೆ ಇರಲಿ. ಕೆಲವು ವಸ್ತು ಕಾಣುವುದೇ ಸರಿ.

ಸ್ಪೀಕರ್ ಗುಂಯ್ ಅನ್ನುತ್ತಿದ್ದರೆ ಅದರ ಆಡಿಯೋ ವೈರ್ ಕರೆಂಟ್ ವೈರಿನ ಜೊತೆಗೇ ಉದ್ದಕ್ಕೆ ಹೋಗುತ್ತಿದೆಯಾ ನೋಡಿ. ಒಂದಂಗೈ ದೂರ ಮಾಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಇನ್ನು ಉಳಿದದ್ದು ಗೋಡೆಗೆ ಹೋಗುವ ಆ ಒಂದು ವೈರ್. ಮೇಜಿನ ಹಿಂದಿನ ಕಾಲಿಗೆ ಮೂರು ಕಡೆ ವೆಲ್ಕ್ರೋ ಸುತ್ತಿ ಇಳಿಸಿ. ಕೆಳಗೆ ಗೋಡೆಯಂಚಿಗೆ ಸ್ಕರ್ಟಿಂಗ್ ಟೈಲ್ಸ್ ಇರುತ್ತದಲ್ಲ, ನಮಗೆ ಬೇಕಾದ ಜಾಗ ಅದು. ಡಿಸ್ಟೆಂಪರ್ ಹಚ್ಚಿದ ಗೋಡೆಗೆ ಅಂಟಿಸಿದ ಪಟ್ಟಿ ತೆಗೆಯುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ, ಅಡ್ವಾನ್ಸಿನಲ್ಲಿ ದುಡ್ಡು ಹಿಡಿಯುತ್ತಾರೆ. ಟೈಲ್ಸಿನ ಮೇಲೆ ಹಾಗಾಗುವುದಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ತನ್ನಿ, ವೈರ್ ಒಳಗಿಟ್ಟು ಮೇಲಿನ ಮುಚ್ಚಳ ಒತ್ತಿದರೆ ಮುಗಿಯಿತು. ಟೈಲ್ಸನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸ್ಕರ್ಟಿಂಗಿನ ಮೇಲಂಚಿಗೆ ಡಬಲ್ ಟೇಪಿನಲ್ಲಿ ಅಂಟಿಸಿ. ಒರೆಸುವ ಬಟ್ಟೆ ನೆಲದಲ್ಲಿ ಹೋಗುತ್ತದೆ, ವೈರ್ ಮೂರಿಂಚು ಮೇಲಿರುತ್ತದೆ. ಪಟ್ಟಿ ಹಗುರ, ಮಳೆಗಾಲದಲ್ಲಿ ಅಲ್ಲಲ್ಲಿ ಬಿಟ್ಟರೂ ಒತ್ತಿದರೆ ಆಯಿತು, ಏನೂ ಬೀಳುವುದಿಲ್ಲ. ಚಾಪೆ, ಕಾರ್ಪೆಟ್ ಕೆಳಗೆ ಮಾತ್ರ ವೈರ್ ಹಾಯಿಸಬೇಡಿ. ತುಳಿದು ಒಳಗಿನ ಎಳೆ ಮುರಿದರೂ ಯಾರಿಗೂ ಗೊತ್ತಾಗುವುದಿಲ್ಲ.

ನೀರು ತಾಗಿದ ಹಳೆಯ ಬೋರ್ಡನ್ನು ಮತ್ತೆ ಬಳಸಬೇಡಿ. ಒಣಗಿದಂತೆ ಕಂಡರೂ ಒಳಗಿನ ಹಿತ್ತಾಳೆ ಪಟ್ಟಿಗೆ ಕಿಲುಬು ಹಿಡಿದಿರಬಹುದು. ಕಿಲುಬಿದ್ದಲ್ಲಿ ಬಿಸಿಯಾಗುತ್ತದೆ.

ಇಷ್ಟಾದ ಮೇಲೆ ಕುರ್ಚಿಯಲ್ಲಿ ಕೂತು ನೋಡಿ, ನಂತರ ಬಾಗಿಲಲ್ಲಿ ನಿಂತು ನೋಡಿ. ಹೆಚ್ಚಿನವರಿಗೆ ಇಲ್ಲಿಗೇ ಸಾಕು ಅನಿಸುತ್ತದೆ. ಇನ್ನೂ ಟ್ರೇ ಕಾಣುತ್ತದೆ ಅನಿಸಿದರೆ ಟ್ರೇಯ ಮುಂದೆ ಮೇಜಿನ ಅಡಿಗೆ ಒಂದು ಗೇಣು ಅಗಲದ ಪ್ಲೈವುಡ್ ಪಟ್ಟಿಯನ್ನು ಇಳಿಬಿಟ್ಟು ಸ್ಕ್ರೂ ಮಾಡಿಸಿ. ಮರೆ ಮುಂದೆ ಮಾತ್ರ ಇರಲಿ. ಹಿಂದೆ, ಕೆಳಗೆ ತೆರೆದಿರಲಿ.

ಮಗನಿಗೆ ಸಿಗದಿರಲೆಂದು ಗೋಡೆಯ ಪ್ಲಗ್ಗನ್ನು ಬೀರುವಿನ ಹಿಂದೆ ಬಚ್ಚಿಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕಡೆ ಸಂಜೆ ಹೊತ್ತು ಗುಡುಗು ಮಿಂಚು ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಸಿಡಿಲು ದೂರದಲ್ಲೆಲ್ಲೋ ಬಡಿದರೂ ಲೈನಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರಬಹುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮೊದಲ ಗುಡುಗು ದೂರದಲ್ಲಿ ಕೇಳಿದಾಗಲೇ ಕಿತ್ತುಬಿಡಿ, ಮೋಡ ತಲೆಯ ಮೇಲೆ ಬಂದ ಮೇಲೆ ಹೋಗಿ ಮುಟ್ಟಬೇಡಿ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಆ ಒಂದು ಪ್ಲಗ್ ಕಿತ್ತರೆ ನಿಮ್ಮ ಮೇಜಿನ ಮೇಲಿನ ಸಾಮಾನು ಲೈನಿನಿಂದ ಪೂರ್ತಿ ಬೇರೆಯಾಗುತ್ತದೆ. ಲ್ಯಾಪ್‌ಟಾಪು, ರೌಟರು ಬ್ಯಾಟರಿಯ ಮೇಲೆ ನಡೆಯುತ್ತಿರುತ್ತವೆ, ಕೆಲಸವೂ ನಿಲ್ಲುವುದಿಲ್ಲ. ಪ್ಲಗ್ ತೆಗೆದ ಅದೇ ಹೊತ್ತಿನಲ್ಲಿ ಒಮ್ಮೆ ಟಾರ್ಚ್ ಹಿಡಿದು ಟ್ರೇಯೊಳಗೆ ಬಗ್ಗಿ ನೋಡಿ. ಇರುವೆ ಸಾಲು, ಇಲಿ ಕಚ್ಚಿದ ಗುರುತು, ಬಣ್ಣ ಕಂದಿದ ಪಿನ್ ಇವುಗಳಲ್ಲಿ ಯಾವುದಾದರೂ ಕಂಡರೆ ಆ ವೈರನ್ನು ಬದಲಾಯಿಸಿದ ಮೇಲೇ ಮತ್ತೆ ಪ್ಲಗ್ ಹಾಕಿ.